ಹೊಸ ಉದ್ಯಮಕ್ಕೆ ಹೆಸರಿಡುವ ವಿಚಾರ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ರೈತರು ತಾವು ಬೆಳೆದ ಪದಾರ್ಥವನ್ನು ಮಂಡಿಯಲ್ಲಿ ಸುರಿದು ಬಂದಷ್ಟು ಹಣವನ್ನು ಎಣಿಸಿಕೊಂಡು ಬರುವುದನ್ನು ಬಿಟ್ಟು, ತಾವೇ ಅದನ್ನು ಹದಗೊಳಿಸಿ, ಚೀಲಕ್ಕೆ ತುಂಬಿ, ಚೀಲದ ಮೇಲೆ ಒಂದು ಹೆಸರನ್ನು ಅಚ್ಚು ಹಾಕಿಸಿ ಮಾರುವ ಪದ್ಧತಿಯು ನಮ್ಮ ಗ್ರಾಮಾಂತರಗಳಲ್ಲಿ ಈಚೀಚೆಗೆ ಹೆಚ್ಚುತ್ತಲಿದೆ. ಬೆಲ್ಲ, ಗಾಣದ ಎಣ್ಣೆ, ರಾಗಿಯ ಹಿಟ್ಟು, ಮೆಣಸಿನ ಪುಡಿ, ಜೇನು, ಕಾಫಿ ಪುಡಿ ಮುಂತಾದುವುಗಳಿಗೆ ಊರೂರಿನಲ್ಲಿ ಸಂಘಗಳೂ ಉತ್ಪಾದಕರ ಕಂಪೆನಿಗಳೂ ಏಳುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ನಾನು ಸಂಚಾರದಲ್ಲಿ ಕಂಡ ಒಂದು ವಿಚಿತ್ರವನ್ನು ಇಲ್ಲಿ ಅರಿಕೆ ಮಾಡಬೇಕಾಗಿದೆ. ಯಂತ್ರವು ಯಾವ ಕಾರ್ಖಾನೆಯದಾಗಿರಬೇಕು, ಸಾಲವೆಷ್ಟು, ಕಟ್ಟಡದ ಬಾಗಿಲು ಯಾವ ದಿಕ್ಕಿಗೆ ಎಂಬ ವಿಷಯಗಳನ್ನು ವರ್ಷಗಟ್ಟಲೆ ಆಲೋಚಿಸತಕ್ಕ ಮಹನೀಯರು, ಉದ್ಯಮದ ಹೆಸರನ್ನು ಮಾತ್ರ ಕಡೆಯ ದಿವಸ ಮುದ್ರಣಾಲಯದ ಬಾಗಿಲಲ್ಲಿ ನಿಂತು ಕಾಲು ಗಳಿಗೆಯಲ್ಲಿ ತೀರ್ಮಾನಿಸಿಬಿಡುವರು. ಇಲ್ಲವೇ, ಅದಕ್ಕೇ ಜಗಳವಾಡಿ ಉದ್ಯಮವನ್ನೇ ಕೈಬಿಡುವರು. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

“ಹೆಸರಿನಲ್ಲೇನಿದೆ, ಸ್ವಾಮಿ? ಮಾಲು ಚೆನ್ನಾಗಿದ್ದರೆ ಸಾಕು” ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಸಂತೆಯಲ್ಲಿ ಮಾರುವವರೆಗೆ ಇವರ ಮಾತು ಸರಿ. ಅಲ್ಲಿ ಕೊಳ್ಳುವವನು ಅಚ್ಚುಬೆಲ್ಲವನ್ನು ಉಗುರಿನಿಂದ ಕೆರೆದು, ನಾಲಗೆಯ ಮೇಲಿಟ್ಟು, ಮಾರುವವನ ಮುಖವನ್ನು ನೋಡಿ ಕೊಳ್ಳುತ್ತಾನೆ. ಆದರೆ ಅದೇ ಬೆಲ್ಲವು ಚೀಲದೊಳಗೆ ಕುಳಿತು ಇನ್ನೂರು ಮೈಲಿ ದೂರದ ಅಂಗಡಿಯ ಹಲಗೆಯನ್ನು ಏರಿದಾಗ, ಮುಟ್ಟುವುದಕ್ಕೂ ಇಲ್ಲ, ರುಚಿ ನೋಡುವುದಕ್ಕೂ ಇಲ್ಲ. ಕಳೆದ ತಿಂಗಳು ತಂದದ್ದು ಚೆನ್ನಾಗಿತ್ತೆಂದು ಮನೆಯಾಕೆಗೆ ನೆನಪಿದ್ದರೂ, ಅದನ್ನೇ ಪುನಃ ತರಿಸಬೇಕಾದರೆ ಹಿಡಿದೆಳೆಯುವುದಕ್ಕೆ ಇರುವ ಹಗ್ಗವು ಹೆಸರೊಂದೇ. ಹೆಸರು ನೆನಪಿನಲ್ಲಿ ಉಳಿಯದಿದ್ದರೆ ಅಥವಾ ಇನ್ನೊಂದರೊಡನೆ ಕಲೆತುಹೋದರೆ, ನಾವು ಚೆನ್ನಾಗಿ ಮಾಡಿದ ಮಾಲಿನ ಪುಣ್ಯವು ಪಕ್ಕದವನ ಚೀಲಕ್ಕೆ ಸೇರಿಹೋಗುವುದು.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ತಾಲ್ಲೂಕಿನಲ್ಲಿ ಕೆಲವರು ಸೇರಿ ಹಿಟ್ಟಿನ ಗಿರಣಿಯನ್ನು ಹಾಕಿದರು. ಅವರು ಆರಿಸಿದ್ದ ಹೆಸರು ಆ ಸೀಮೆಯಲ್ಲಿ ಆಗಲೇ ಪ್ರಸಿದ್ಧಿಯಲ್ಲಿದ್ದ ಒಂದು ಮಾಲಿನ ಹೆಸರನ್ನು ಬಹಳವಾಗಿ ಹೋಲುತ್ತಿತ್ತು. ಅವರು ಬಂದು ನನ್ನನ್ನು ಕೇಳಿದಾಗ, “ಮುಂದೆ ಶ್ರೀ ಎಂದು ಸೇರಿಸಿ, ಕೊನೆಯ ಅಕ್ಷರಕ್ಕೆ ದೀರ್ಘ ಕೊಡಿ, ಬೇರೆಯಾಗುತ್ತದೆ” ಎಂದು ಸಲಹೆ ಕೊಟ್ಟವನು ನಾನೇ. ಎಂಟು ತಿಂಗಳಲ್ಲಿ ವಕೀಲರ ನೋಟೀಸು ಬಂದಿತು. ಅಚ್ಚಾಗಿದ್ದ ಚೀಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಬಿಡಿಸದೆ ಕಟ್ಟಿನಲ್ಲಿಯೇ ಇದ್ದುವು. ಅವುಗಳನ್ನು ಒಳಹೊರಗು ಮಾಡಿ ಹೊಲಿಸಿ ಬೂಸಾ ತುಂಬಲು ಉಪಯೋಗಿಸಿದರು. ಚೀಲದ ಹಣಕ್ಕಿಂತ ದೊಡ್ಡ ನಷ್ಟವೇನೆಂದರೆ, ಎಂಟು ತಿಂಗಳಿನಿಂದ ಅಂಗಡಿಗಳಲ್ಲಿ ಸಂಪಾದಿಸಿಕೊಂಡಿದ್ದ ಗುರುತು ಹೋಯಿತು. ಹೊಸ ಹೆಸರಿನಿಂದ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಕಾರಣದಿಂದಲೇ ಈ ವಿಷಯದ ಕಾನೂನನ್ನು ನಾನು ಕೂತು ಓದಿದ್ದು.

ಓದಿದ ಮೇಲೆ ತಿಳಿದುದೇನೆಂದರೆ, ಇಂತಹ ವ್ಯಾಜ್ಯಗಳಲ್ಲಿ ನ್ಯಾಯಾಧೀಶರು ಎರಡು ಹೆಸರುಗಳನ್ನೂ ಅಕ್ಕಪಕ್ಕದಲ್ಲಿಟ್ಟು ಭೂತಕನ್ನಡಿಯಿಂದ ನೋಡುವುದಿಲ್ಲ. ಒಂದನ್ನು ಎಂದೋ ಕಂಡು ಅರ್ಧಂಬರ್ಧ ನೆನಪಿಟ್ಟುಕೊಂಡಿರುವ ಸಾಧಾರಣ ಗಿರಾಕಿಯು ಇನ್ನೊಂದನ್ನು ಕಂಡಾಗ ಮೋಸಹೋಗುವನೋ ಇಲ್ಲವೋ ಎಂಬುದೇ ಅಲ್ಲಿನ ಒರೆಗಲ್ಲು. ಕಂಪೆನಿಗಳ ಹೆಸರನ್ನು ಮಂಜೂರು ಮಾಡುವ ನಿಯಮಗಳಲ್ಲಿಯೂ ಏಕವಚನವನ್ನು ಬಹುವಚನ ಮಾಡುವುದು, ಕಾಗುಣಿತವನ್ನು ತಿರುಚುವುದು, ಪದಗಳನ್ನು ಹಿಂದುಮುಂದು ಮಾಡುವುದು, ಇದ್ದ ಹೆಸರಿಗೇ ಒಂದು ಊರಿನ ಹೆಸರನ್ನು ಅಂಟಿಸುವುದು ಇವೊಂದೂ ಹೊಸ ಹೆಸರಿನ ಲೆಕ್ಕಕ್ಕೆ ಬಾರವು.

ಇದಕ್ಕಿಂತಲೂ ಹೆಚ್ಚಾಗಿ ಜನರು ಎಡವುವ ಸ್ಥಳ ಇನ್ನೊಂದಿದೆ. ಸಂಘವೋ ಕಂಪೆನಿಯೋ ಒಂದು ಹೆಸರಿನಿಂದ ರಿಜಿಸ್ಟರಾದ ಮಾತ್ರಕ್ಕೆ ಆ ಹೆಸರನ್ನು ಮಾಲಿನ ಮೇಲೆ ಹಾಕುವ ಹಕ್ಕು ಬಂದಿತೆಂದು ಭಾವಿಸುವುದು ದೊಡ್ಡ ಭ್ರಾಂತಿ. ಸಹಕಾರ ಸಂಘವನ್ನು 1959ರ ರಾಜ್ಯದ ಸಹಕಾರ ಸಂಘಗಳ ಶಾಸನದ ಕೆಳಗೆ ದಾಖಲು ಮಾಡುವವರು ಬೇರೆ. ಉತ್ಪಾದಕರ ಕಂಪೆನಿಯನ್ನು 2013ರ ಕಂಪೆನಿ ಶಾಸನದ ಕೆಳಗೆ ದಾಖಲು ಮಾಡುವವರು ಬೇರೆ. ಮಾಲಿನ ಮೇಲಿನ ಗುರುತನ್ನು, ಅಂದರೆ ಟ್ರೇಡ್ ಮಾರ್ಕನ್ನು, 1999ರ ಶಾಸನದ ಕೆಳಗೆ ದಾಖಲು ಮಾಡುವ ಕಚೇರಿಯೇ ಬೇರೆ. ಕರ್ನಾಟಕದವರ ಅರ್ಜಿಗಳು ಈ ಕೊನೆಯ ಕೆಲಸಕ್ಕೆ ಚೆನ್ನೈಯ ಕಚೇರಿಗೆ ಸೇರುತ್ತವೆ. ಮೊದಲನೆಯ ಕಾಗದವನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ಗೋಡೆಗೆ ತೂಗುಹಾಕಿದವರೆಷ್ಟೋ ಮಂದಿ ಎರಡನೆಯದರ ಸುದ್ದಿಯನ್ನೇ ಕೇಳಿರುವುದಿಲ್ಲ.

ಆದುದರಿಂದ ಹೆಸರುಗಳು ಎರಡಾಗಿರುವುದೇ ಮೇಲೆಂದು ನನ್ನ ಅಭಿಪ್ರಾಯ: ರಿಜಿಸ್ಟರಿನಲ್ಲಿರತಕ್ಕದ್ದು ಒಂದು, ಚೀಲದ ಮೇಲಿರತಕ್ಕದ್ದು ಇನ್ನೊಂದು. ರಿಜಿಸ್ಟರಿನ ಹೆಸರು ಉದ್ದವಾಗಿದ್ದರೆ ಚಿಂತೆಯಿಲ್ಲ. ಉತ್ಪಾದಕರ ಕಂಪೆನಿಯಾದರೆ ಕೊನೆಗೆ “ಪ್ರೊಡ್ಯೂಸರ್ ಕಂಪೆನಿ ಲಿಮಿಟೆಡ್” ಎಂಬ ಬಾಲವು ಹೇಗೂ ಇರಲೇಬೇಕು. ಗುಜರಾತಿನ ಕೈರಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಒಕ್ಕೂಟವು 1946ನೆಯ ಡಿಸೆಂಬರಿನಲ್ಲಿ ದಾಖಲಾಯಿತು. ಆ ನೀಳವಾದ ಹೆಸರನ್ನು ಬಲ್ಲವರು ಎಷ್ಟು ಮಂದಿ? ಅಮೂಲ್ಯವೆಂಬ ಸಂಸ್ಕೃತ ಪದದಿಂದ ತೆಗೆದ ‘ಅಮುಲ್’ ಎಂಬುದನ್ನು ಅರಿಯದ ಮನೆಯಿಲ್ಲ. ನಮ್ಮ ರಾಜ್ಯದ ಹಾಲು ಮಹಾಮಂಡಲದ ‘ನಂದಿನಿ’ಯೂ ಹಾಗೆಯೇ. ಮೂರೇ ಅಕ್ಷರ; ವಸಿಷ್ಠರ ಆಶ್ರಮದ ಹಸುವಿನ ಹೆಸರಾದುದರಿಂದ ವಿವರಣೆ ಬೇಕಿಲ್ಲ; ತಮಿಳರಾಗಲಿ ಮರಾಠಿಗರಾಗಲಿ ಬಾಯಿ ತೊಡರದೆ ನುಡಿಯಬಹುದು. ಹಾಲೆಂಬ ಮಾತು ಅದರಲ್ಲಿ ಇಲ್ಲದಿದ್ದರೂ ಹಾಲೇ ನೆನಪಿಗೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಶುದ್ಧ ಬೆಲ್ಲ’, ‘ಉತ್ತಮ ಎಣ್ಣೆ’, ‘ನಾಟಿ ಅಕ್ಕಿ’ ಎಂಬಂತೆ ಮಾಲಿನ ಜಾತಿಯನ್ನೋ ಗುಣವನ್ನೋ ಮಾತ್ರ ಹೇಳುವ ಹೆಸರುಗಳೆಂದರೆ ನಮ್ಮವರಿಗೆ ಪ್ರೀತಿ ಹೆಚ್ಚು. ಎಲ್ಲವನ್ನೂ ಹೇಳುವ ಈ ಹೆಸರುಗಳು ಒಡೆಯನಿಗೆ ಯಾವ ರಕ್ಷಣೆಯನ್ನೂ ಕೊಡವು. ಏತಕ್ಕೆಂದರೆ ಶುದ್ಧವೆಂದೂ ಬೆಲ್ಲವೆಂದೂ ಹೇಳಿಕೊಳ್ಳುವ ಹಕ್ಕು ಬೆಲ್ಲ ಮಾಡುವ ಎಲ್ಲರಿಗೂ ಉಂಟು. ಅದನ್ನು ಒಬ್ಬನ ಸೊತ್ತಾಗಿ ಬರೆದುಕೊಡಲು ಶಾಸನವು ಸಾಧಾರಣವಾಗಿ ಒಪ್ಪುವುದಿಲ್ಲ. ಬಹುಕಾಲದ ಬಳಕೆಯಿಂದ ಅದು ಒಬ್ಬನದೇ ಗುರುತೆಂದು ಜನರಲ್ಲಿ ನೆಲೆಗೊಂಡಿದ್ದರೆ ಮಾತ್ರ ಬೇರೆ ಮಾತು. ಹೊಸಬರಿಗೆ ಆ ದಾರಿ ಇಲ್ಲ. ಮಾಲಿಗೆ ನೇರವಾಗಿ ಸಂಬಂಧಿಸದೆ, ಕೇಳಿದವರಿಗೆ ಹಿತವಾದ ನೆನಪನ್ನು ತರುವ ಒಂದು ಪದವನ್ನು ಹುಡುಕುವುದು ಮೇಲು. ನಮ್ಮ ಭಾಷೆಯಲ್ಲಿ ಹೊಲಗದ್ದೆಗಳ ಪದಗಳಿಗೇನು ಬಡತನ? ಮಳೆಯ ನಕ್ಷತ್ರಗಳ ಹೆಸರೇ ಇಪ್ಪತ್ತೇಳಿವೆ. ಕೂರಿಗೆ, ಮೇಟಿ, ಕಣ, ಹಗೇವು, ತೆನೆ, ಸಿರಿ ಮುಂತಾದ ಪದಗಳನ್ನು ಬಿಟ್ಟು, ಪಟ್ಟಣದವರು ಬಳಸಿ ಸವೆಸಿದ ಇಂಗ್ಲಿಷ್ ಪದಗಳ ಹಿಂದೆ ಏಕೆ ಹೋಗಬೇಕೋ ನನಗೆ ತಿಳಿಯದು.

ಹೆಸರು ಮುಂದಿನ ಬೆಳವಣಿಗೆಗೆ ಅಡ್ಡಿಯಾಗದಂತೆಯೂ ಇರಬೇಕು. ಬೆಂಗಳೂರಿನ ಸುತ್ತಣ ದ್ರಾಕ್ಷಿ ಬೆಳೆಗಾರರಿಗಾಗಿ ಡಾಕ್ಟರ್ ಎಂ. ಎಚ್. ಮರೀಗೌಡರ ಪ್ರೋತ್ಸಾಹದಿಂದ 1959ರಲ್ಲಿ ಒಂದು ಮಾರಾಟದ ಸಹಕಾರ ಸಂಘವು ಹುಟ್ಟಿತು. ಅದರ ಹೆಸರಿನಲ್ಲಿಯೇ ದ್ರಾಕ್ಷಿ ಇದ್ದಿತು. ಕ್ರಮೇಣ ಎಲ್ಲಾ ಹಣ್ಣು ತರಕಾರಿಗಳೂ ಅದರ ಮಳಿಗೆಗೆ ಬಂದುವು. ಹೆಸರನ್ನು ತೋಟಗಾರಿಕೆಯ ಉತ್ಪಾದಕರದೆಂದು ಬದಲಾಯಿಸಬೇಕಾಯಿತು. ಅದೇ ಇಂದಿನ ಹಾಪ್‌ಕಾಮ್ಸ್. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬುದೂ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಕಿರಿದಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಈ ಸಂಸ್ಥೆಗಳಿಗೆ ಹೆಸರು ಬದಲಾಯಿಸುವ ಶಕ್ತಿ ಇದ್ದಿತು. ಐವತ್ತು ಮಂದಿ ಷೇರುದಾರರ ಸಂಘಕ್ಕೆ ಹೊಸ ಫಲಕ, ಹೊಸ ಚೀಲ, ಹೊಸ ಲೈಸೆನ್ಸುಗಳ ಖರ್ಚು ಸಣ್ಣದಲ್ಲ. ಆದ್ದರಿಂದ ಈ ವರ್ಷ ಮೆಣಸಿನ ಪುಡಿಯನ್ನು ಮಾಡುತ್ತಿದ್ದರೂ, ಮುಂದಿನ ವರ್ಷ ಅರಿಶಿನಕ್ಕೆ ಕೈಹಾಕುವ ಆಲೋಚನೆ ಇದ್ದರೆ, ಹೆಸರಿನಲ್ಲಿ ಮೆಣಸನ್ನು ಸೇರಿಸಬೇಡಿರಿ.

ಊರ ಹೆಸರಿನ ವಿಷಯದಲ್ಲಿ ನನಗೆ ಪಕ್ಷಪಾತವಿರುವುದನ್ನು ಒಪ್ಪುತ್ತೇನೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಪ್ರಯತ್ನದಿಂದ ದೇಶದಲ್ಲಿಯೇ ಮೊದಲನೆಯದೆಂದು ಎಣಿಸಲ್ಪಟ್ಟಿರುವ ವ್ಯವಸಾಯ ಪತ್ತಿನ ಸಹಕಾರ ಸಂಘವು ಏರ್ಪಟ್ಟಿತು. ಪಾಟೀಲರು ಊರಿನ ಮುಖಂಡರು. ಬೇಕೆಂದಿದ್ದರೆ ತಮ್ಮ ಮನೆತನದ ಹೆಸರನ್ನು ಇಡಬಹುದಾಗಿತ್ತು. ಸಂಘವು ಪ್ರಸಿದ್ಧವಾದುದು ಊರಿನ ಹೆಸರಿನಿಂದಲೇ. ಅದರಿಂದ ಪಾಟೀಲರ ಕೀರ್ತಿಗೇನೂ ಕಡಮೆಯಾಗಲಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಉಪಾಹಾರ ಗೃಹವೊಂದು ಮಾವಳ್ಳಿ ಎಂಬ ಬಡಾವಣೆಯ ಹೆಸರನ್ನು ಎಂ. ಟಿ. ಆರ್. ಎಂಬ ಮೂರಕ್ಷರಗಳೊಳಗೆ ಸಮುದ್ರದಾಚೆಗೂ ಕೊಂಡೊಯ್ದಿದೆ. ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂದು ನಾಮಕರಣವಾದರೂ, ಗಂಧದ ಸಾಬೂನು ಮಾತ್ರ ಮೈಸೂರು ಸ್ಯಾಂಡಲ್ ಆಗಿಯೇ ಉಳಿಯಿತು. ಗಿರಾಕಿಯ ನಂಬಿಕೆಯು ಆ ಹೆಸರಿನಲ್ಲಿ ನೆಟ್ಟಿತ್ತು.

ಆದರೆ ಊರ ಹೆಸರು ಎಂಬುದು ಹರಿತವಾದ ಮಚ್ಚಿನಂತೆ. ನಮ್ಮದಲ್ಲದ ಊರಿನ ಕೀರ್ತಿಯನ್ನು ನಮ್ಮ ಚೀಲಕ್ಕೆ ಹಚ್ಚಿಕೊಳ್ಳುವುದು ಕಳ್ಳತನವೇ. ಬ್ಯಾಡಗಿ ಮೆಣಸಿನಕಾಯಿಯು ಕಡುಗೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಹೆಸರಾದುದು; 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ದಾಖಲೆಯೂ ದೊರೆತಿದೆ. ಕೊಡಗಿನ ಕಿತ್ತಳೆ, ನಂಜನಗೂಡಿನ ರಸಬಾಳೆ, ಮೈಸೂರಿನ ವೀಳೆಯದೆಲೆಗಳಿಗೂ ಈ ರಕ್ಷಣೆ ಉಂಟು. ಬೇರೆ ಸೀಮೆಯ ಕಾಯನ್ನು ಕುಟ್ಟಿ ಬ್ಯಾಡಗಿಯದೆಂದು ಅಚ್ಚು ಹಾಕಿಸಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ಶಾಸನವು ವಿಧಿಸಿದೆ. ಆ ಸೀಮೆಯಲ್ಲಿಯೇ ಬೆಳೆಯುವವರು ಅಧಿಕೃತ ಬಳಕೆದಾರರೆಂದು ತಮ್ಮ ಹೆಸರನ್ನು ದಾಖಲು ಮಾಡಿಸಿಕೊಳ್ಳಬಹುದು. ಇದನ್ನು ಮಾಡಿಸದೆ ಉದಾಸೀನರಾಗಿರುವವರನ್ನು ಕಂಡರೆ ನನಗೆ ಮರುಕವೂ ಸಿಟ್ಟೂ ಒಟ್ಟಿಗೇ ಬರುತ್ತವೆ.

ಇನ್ನು ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಊರಿನ ಪ್ರಮುಖರೂ ಜಮೀನುದಾರರೂ ಆಗಿರುವುದರಿಂದ, ಕೊಂಚ ಕಹಿಯಾದರೂ ಒಂದು ಮಾತನ್ನು ಹೇಳದೆ ಬಿಡಲಾರೆನು. ಊರಿನವರೆಲ್ಲರೂ ಷೇರು ಹಾಕಿದ ಉದ್ಯಮಕ್ಕೆ ತಮ್ಮ ಹೆಸರನ್ನಾಗಲಿ ತಮ್ಮ ತೀರ್ಥರೂಪರ ಹೆಸರನ್ನಾಗಲಿ ಇಡಿಸಬೇಡಿರಿ. ನಿಮ್ಮ ಸ್ವಂತ ಬಂಡವಾಳದಿಂದ ಸ್ವಂತ ಗಿರಣಿಯನ್ನು ಹಾಕಿದರೆ ನಿಮ್ಮಿಷ್ಟ. ಆದರೆ ಎರಡೆಕರೆಯವನೂ ವಿಧವೆಯೊಬ್ಬಳೂ ತಂದುಕೊಟ್ಟ ಸಾವಿರ ರೂಪಾಯಿ ಅದರಲ್ಲಿರುವಾಗ, ಫಲಕದ ಮೇಲೆ ಒಂದು ಮನೆಯ ಹೆಸರು ಏರಿದೊಡನೆ ಉಳಿದವರ ಮನಸ್ಸಿನಲ್ಲಿ ಅದು ಆ ಮನೆಯವರದಾಗುತ್ತದೆ. ಒಳ್ಳೆಯ ಮಾಲನ್ನು ಹೊರಗಣ ವ್ಯಾಪಾರಿಗೆ ಕೊಟ್ಟು ಮಿಕ್ಕುದನ್ನು ಸಂಘಕ್ಕೆ ತರುವರು, ಸಭೆಗೆ ಬಾರರು, ಲೆಕ್ಕವನ್ನೂ ಕೇಳರು. ಕೆಟ್ಟ ಕಾಲದಲ್ಲಿ ಕೈಹಿಡಿಯುವವರೂ ಇರುವುದಿಲ್ಲ. ಕುಟುಂಬದಲ್ಲಿ ಪಾಲುಪಾರೀಕತ್ತು ಆದರೆ ಹೆಸರಿನ ಮೇಲೆಯೂ ದಾಯಾದಿಗಳ ವ್ಯಾಜ್ಯವು ಬರುವುದುಂಟು.

ದೇವರ ಹೆಸರಿನ ವಿಷಯವೂ ಯೋಚಿಸತಕ್ಕದ್ದೇ. ಭಕ್ತಿಗೆ ನಾನು ವಿರೋಧಿಯಲ್ಲ. ಆದರೆ ಒಂದೇ ದೇವರ ಹೆಸರಿನಲ್ಲಿ ನೂರಾರು ಅಂಗಡಿಗಳಿರುವಾಗ ನಿಮ್ಮದನ್ನು ಗಿರಾಕಿಯು ಗುರುತಿಸುವುದು ಹೇಗೆ? 2015ರಲ್ಲಿ ಸುಪ್ರೀಂ ಕೋರ್ಟಿನವರು ಊದುಬತ್ತಿಯ ಒಂದು ಮೊಕದ್ದಮೆಯಲ್ಲಿ, ‘ರಾಮಾಯಣ’ವೆಂಬ ಪವಿತ್ರ ಗ್ರಂಥದ ಹೆಸರನ್ನು ಒಬ್ಬನೇ ತನ್ನ ವ್ಯಾಪಾರದ ಸೊತ್ತೆಂದು ಸಾಧಿಸಲಾಗದೆಂದು ತೀರ್ಪಿತ್ತಿರುವರು. ಮೇಲಾಗಿ, ಖಾಲಿಯಾದ ಚೀಲವು ಎಲ್ಲಿ ಬಿದ್ದು ಯಾರ ಕಾಲಿಗೆ ಸಿಗುವುದೆಂಬುದನ್ನೂ ನೆನೆಯಬೇಕು.

ಹೆಸರಿನ ಜಗಳದಿಂದ ಒಂದು ಹಂಗಾಮೇ ಹೋದುದನ್ನು ಹೇಳುವೆನು. ಕಬ್ಬಿನ ಸೀಮೆಯಲ್ಲಿ ಒಂದೇ ಕೆರೆಯ ಕೆಳಗಿನ ಎರಡು ಗ್ರಾಮದವರು ಸೇರಿ ಹೊಸ ರೀತಿಯ ಆಲೆಮನೆಯನ್ನು ಕಟ್ಟಿದರು. ಅಧ್ಯಕ್ಷರಿಗೆ ತಮ್ಮ ತಂದೆಯ ಹೆಸರು ಬೇಕು. ಅವರು ಸ್ಥಳದಾನ ಮಾಡಿದ್ದರು, ಆದ್ದರಿಂದ ತೀರ ಅನ್ಯಾಯದ ಕೋರಿಕೆಯೆಂದು ಹೇಳುವಂತಿರಲಿಲ್ಲ. ಕೆಳಗಿನ ಊರಿನವರಿಗೆ ತಮ್ಮ ಗ್ರಾಮದೇವತೆಯ ಹೆಸರು ಬೇಕು. ಮೇಲಿನ ಊರಿನವರಿಗೆ ಅದು ಆಗದು. ಮೂರು ಸಭೆಗಳು ಸೇರಿ ಮೂರೂ ಮುರಿದುವು. ಮೂರನೆಯದರಲ್ಲಿ ನಾನೂ ಇದ್ದೆನು. ನಡುರಾತ್ರಿಯವರೆಗೆ ಕೂತು, ಒಂದು ಲೋಟ ಕಾಫಿಯನ್ನೂ ಕುಡಿಯದೆ ಎದ್ದು ಬಂದೆನು. ಅತ್ತ ಕಬ್ಬು ಬಲಿತು ಒಣಗುತ್ತಲಿತ್ತು. ಆಲೆಮನೆಯ ಹೊಚ್ಚ ಹೊಸ ಕೊಪ್ಪರಿಗೆಯಲ್ಲಿ ಜೇಡ ಬಲೆ ಕಟ್ಟಿತು. ಷೇರುದಾರರೆಲ್ಲರೂ ಬಂದಷ್ಟು ಬರಲೆಂದು ಹೊರಗಿನವರಿಗೆ ಕಬ್ಬನ್ನು ಕಡಿದುಕೊಟ್ಟರು. ಸಾಲದ ಬಡ್ಡಿಯು ಹೆಸರಿಗಾಗಿ ಕಾಯಲಿಲ್ಲ.

ಹೆಸರಿನ ಉಚ್ಚಾರಣೆಯನ್ನು ಪರೀಕ್ಷಿಸಲು ನಾನೊಂದು ಉಪಾಯವನ್ನು ಹೇಳಿಕೊಡುತ್ತಿರುತ್ತೇನೆ. ಆರಿಸಿದ ಹೆಸರನ್ನು ದೂರದ ಊರಿನ ಲಾರಿ ಚಾಲಕನೊಬ್ಬನಿಗೆ ಟೆಲಿಫೋನಿನಲ್ಲಿ ಒಂದೇ ಸಲ ಹೇಳಿ, ಅವನಿಂದ ಬರೆಯಿಸಬೇಕು. ಅವನು ತಪ್ಪಾಗಿ ಬರೆದರೆ ಹೆಸರಿನದೇ ತಪ್ಪು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ನಮ್ಮ ಳಕಾರ ಲಕಾರಗಳೂ ಹ್ರಸ್ವದೀರ್ಘಗಳೂ ಒಂದಾಗಿ ಬಿಡುವುದರಿಂದ, ಅಪಾರ್ಥಕ್ಕೆ ಎಡೆಯಾಗುವುದೋ ಎಂದು ನೋಡಬೇಕು. ಜನರು ಉದ್ದ ಹೆಸರನ್ನು ಹೇಗೂ ಕತ್ತರಿಸುವರು; ಕತ್ತರಿಸಿದ ತುಂಡು ಕಿವಿಗೆ ಹಿತವಾಗಿರಲಿ. ಫಲಕವನ್ನು ಬರೆಯಿಸುವಾಗ, 2024ರ ತಿದ್ದುಪಡಿಯಾದ ಶಾಸನದ ಪ್ರಕಾರ ಅದರಲ್ಲಿ ನೂರಕ್ಕೆ ಅರುವತ್ತು ಭಾಗ ಕನ್ನಡವಿರತಕ್ಕದ್ದು. ಹೆಸರೇ ಕನ್ನಡದ್ದಾಗಿದ್ದರೆ ಈ ಲೆಕ್ಕದ ತೊಂದರೆಯೇ ಇಲ್ಲ.

ಮಾಡತಕ್ಕ ಕೆಲಸವು ಕಷ್ಟವಾದುದೇನೂ ಅಲ್ಲ. ಒಂದಕ್ಕೆ ಬದಲಾಗಿ ನಾಲ್ಕೈದು ಹೆಸರುಗಳನ್ನು ಬರೆದಿಟ್ಟುಕೊಂಡು, ಟ್ರೇಡ್ ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಮೊದಲೇ ಯಾರಾದರೂ ದಾಖಲು ಮಾಡಿಸಿರುವರೋ ಎಂದು ಹುಡುಕಿಸಿರಿ. ಇದಕ್ಕೆ ಕಾಸಿನ ಖರ್ಚಿಲ್ಲ, ಹೈಸ್ಕೂಲು ಓದಿದ ಹುಡುಗನು ಮಾಡಬಲ್ಲನು. ಮಾಲುಗಳನ್ನೂ ಸೇವೆಗಳನ್ನೂ ಸೇರಿಸಿ ಒಟ್ಟು ನಲವತ್ತೈದು ವರ್ಗಗಳಾಗಿ ವಿಂಗಡಿಸಿರುವರು. ತಿನ್ನುವ ಎಣ್ಣೆ, ಹಾಲಿನ ಪದಾರ್ಥಗಳು 29ನೆಯದು; ಅಕ್ಕಿ, ಹಿಟ್ಟು, ಸಕ್ಕರೆ, ಕಾಫಿ, ಜೇನು, ಸಂಬಾರ ಪದಾರ್ಥಗಳು 30ನೆಯದು; ಹಸಿಯ ಹಣ್ಣು ತರಕಾರಿ, ಬಿತ್ತನೆ ಬೀಜ, ಪಶು ಆಹಾರ 31ನೆಯದು. ವ್ಯಕ್ತಿಗಾಗಲಿ ಸಣ್ಣ ಉದ್ಯಮಕ್ಕಾಗಲಿ 2017ರ ನಿಯಮಗಳು ಗೊತ್ತು ಮಾಡಿದ ಶುಲ್ಕವು, ಜಾಲತಾಣದ ಮೂಲಕ ಸಲ್ಲಿಸಿದರೆ, ವರ್ಗವೊಂದಕ್ಕೆ 4,500 ರೂಪಾಯಿಗಳು, ಇತರರಿಗೆ 9,000. ಅರ್ಜಿಯು ಅಲ್ಲಿನ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳವರೆಗೆ ತಕರಾರಿಗೆ ಅವಕಾಶವಿದೆ. ದಾಖಲೆಯು ಹತ್ತು ವರ್ಷ ನಡೆಯುವುದು; ಅನಂತರ ನವೀಕರಿಸಬಹುದು.

ಅರ್ಜಿಯಲ್ಲಿ ಒಡೆಯನ ಹೆಸರಿನ ಎದುರಿಗೆ ಏನನ್ನು ಬರೆಯುತ್ತಾರೆಂಬುದನ್ನು ಮಾತ್ರ ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಸ್ವತಃ ಓದಬೇಕು. ಅಲ್ಲಿ ಸಂಘದ ಹೆಸರು ಇರತಕ್ಕದ್ದು. ಕಾರ್ಯದರ್ಶಿಯ ಹೆಸರೋ, ಶುಲ್ಕ ಕಟ್ಟಿದ ನಿರ್ದೇಶಕನ ಹೆಸರೋ ಇದ್ದಲ್ಲಿ, ಅವನು ಮುನಿಸಿಕೊಂಡು ಹೊರಟ ದಿವಸ ಹೆಸರೂ ಅವನ ಜೇಬಿನಲ್ಲಿ ಹೊರಡುವುದು.

ಮೇಲೆ ಹೇಳಿದ ಆಲೆಮನೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮರುವರ್ಷದ ಸಭೆಯಲ್ಲಿ ತೂಕ ಮಾಡುವ ಮುದುಕನೊಬ್ಬನು, ಎರಡೂ ಊರಿನ ಗದ್ದೆಗೆ ನೀರು ಕೊಡುವ ಕೆರೆಗೆ ಒಂದು ಹಳೆಯ ಹೆಸರಿರುವುದನ್ನು ನೆನಪಿಗೆ ತಂದನು. ಅದು ಎರಡೂವರೆ ಅಕ್ಷರದ ಪದ. ರೆವಿನ್ಯೂ ದಾಖಲೆಯಲ್ಲಿ ಹೊರತು ಹುಡುಗರಾರಿಗೂ ತಿಳಿದಿರಲಿಲ್ಲ. ಹುಡುಕಿಸಿದರೆ ಯಾರೂ ಅದನ್ನು ದಾಖಲು ಮಾಡಿಸಿರಲಿಲ್ಲ. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಡೆಗೆ ತಾವೇ ಎದ್ದು ಅದನ್ನು ಸೂಚಿಸಿದರು. ಅವರ ತಂದೆಯವರ ಹೆಸರನ್ನು ಸ್ಥಳದಾನದ ಕಲ್ಲಿನ ಮೇಲೆ ಕೆತ್ತಿಸಿ ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಹೋದ ಪುಷ್ಯಮಾಸದಲ್ಲಿ ನಾನು ಅತ್ತ ಹೋದಾಗ ಕೊಪ್ಪರಿಗೆ ಕುದಿಯುತ್ತಲಿತ್ತು. ಹೊರಗೆ ಲಾರಿಗೆ ಚೀಲಗಳನ್ನು ಏರಿಸುತ್ತಿದ್ದ ಹುಡುಗನನ್ನು ಇದಾವ ಊರಿನ ಬೆಲ್ಲವಪ್ಪಾ ಎಂದು ಕೇಳಿದೆನು. ಅವನು ಊರನ್ನು ಹೇಳಲಿಲ್ಲ, ಕೆರೆಯ ಹೆಸರನ್ನು ಹೇಳಿದನು.